ನಿಷಾದವನ್ನು ಮನೆಗೆ ಕಳಿಸಿದ್ದು

ಸ್ವರ ಕಲಿಸುವ ಕತೆ ಬರೆಯಬೇಕೆಂದು ನನ್ನ ಹತ್ತಿರ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು, ಪೆನ್ನು ಕೆಳಗಿಡಿ ಎಂದು. ವಯಸ್ಸಾದವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವರು ನಗುತ್ತಾರೆ. ನಾನು ನಗುವುದಿಲ್ಲ. ಈ ಕೆಲಸದ ಮುಕ್ಕಾಲು ಪಾಲು ಸುಮ್ಮನೆ ಕೂತು ಕೇಳುವುದರಲ್ಲಿ ಹೋಗುತ್ತದೆ, ಉಳಿದ ಕಾಲು ಪಾಲು ಬರೆದದ್ದನ್ನು ಹೊಡೆದುಹಾಕುವುದರಲ್ಲಿ. ಹಗಲುಗನಸು ಕಾಣುವ ಅಭ್ಯಾಸ ಇಲ್ಲದವರು ಬೇರೆ ಕೆಲಸ ನೋಡಿಕೊಳ್ಳುವುದು ವಾಸಿ. ನನಗೆ ಆ ಅಭ್ಯಾಸ ಹುಟ್ಟಿನಿಂದಲೇ ಇತ್ತು. ಒಲೆಯ ಮೇಲಿನ ಹಾಲು ನೋಡಿಕೋ ಎಂದು ಅಮ್ಮ ಕೂರಿಸಿ ಹೋದರೆ, ಹಾಲು ನನ್ನ ಕಣ್ಣೆದುರಿಗೇ ಉಕ್ಕಿ ಹರಿಯುತ್ತಿತ್ತು. ಬೈಸಿಕೊಂಡು ಬೆಳೆದ ಆ ಗುಣಕ್ಕೇ ಮುಂದೆ ಸಂಬಳ ಸಿಕ್ಕಿದ್ದು ನನ್ನ ಅದೃಷ್ಟ.

ನಾನು ಕೆಲಸಕ್ಕೆ ಸೇರಿದ್ದು ನಲವತ್ತರ ದಶಕದಲ್ಲಿ, ಯುದ್ಧ ನಡೆಯುತ್ತಿದ್ದಾಗ. ನಮ್ಮನೆಯವರು ಹೊಸೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮ ಬಾಡಿಗೆ ಮನೆಯ ಪಕ್ಕದಲ್ಲೇ ಒಂದು ಸಣ್ಣ ಅಚ್ಚುಕೂಟ. ಲಗ್ನಪತ್ರಿಕೆ, ಪಂಚಾಂಗ, ನಾಟಕದ ಹ್ಯಾಂಡ್‌ಬಿಲ್ಲು, ಇಷ್ಟೇ ಅಲ್ಲಿಯ ವ್ಯಾಪಾರ. ಅಚ್ಚುಕೂಟದ ಯಜಮಾನರ ಮೊಮ್ಮಗಳು ಊಟಕ್ಕೆ ಹಟ ಮಾಡುತ್ತಿದ್ದಳು. ನಾನು ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅಮ್ಮ ನನಗೆ ಕಲಿಸಿದ್ದ ಸರಳೆಗಳನ್ನು ಕತೆಯೊಳಗೆ ಸೇರಿಸಿ ಹಾಡುತ್ತಾ ತುತ್ತು ಹಾಕುತ್ತಿದ್ದೆ. ಒಂದು ದಿನ ಯಜಮಾನರು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದರು. ಇದನ್ನು ಪುಸ್ತಕ ಮಾಡಿದರೆ ಹಳ್ಳಿ ಶಾಲೆಗಳು ಕೊಳ್ಳುತ್ತವಲ್ಲ ಎಂದು ಅವರಿಗೆ ಹೊಳೆಯಿತು. ಸಂಗೀತದ ಗಂಧ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಅದರಿಂದ ನನಗೆ ಅನುಕೂಲವೂ ಆಯಿತು, ಪ್ರಾಣಸಂಕಟವೂ ಆಯಿತು.

ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ ಕಾಗದದ ಕಟ್ಟುಗಳ ನಡುವೆ ನನಗೊಂದು ಮಣೆ, ಒಂದು ಇಳಿಜಾರು ಮೇಜು. ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಆ ಕಾಲದ ಹೊಸೂರಿನ ಚಳಿ ಈಗಿನವರಿಗೆ ಗೊತ್ತಿಲ್ಲ. ಬೆಳಗ್ಗೆ ಹೊತ್ತೇರುವವರೆಗೆ ಕೆರೆಯ ಮೇಲೆ ಮಂಜು ಕೂತಿರುತ್ತಿತ್ತು, ಬೆಟ್ಟದ ಮೇಲಿನ ಗುಡಿಯೊಂದೇ ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಯಂತ್ರ ಒಂದೇ ಲಯದಲ್ಲಿ ಬಡಿಯುತ್ತಿತ್ತು. ಮಂಜು ನೋಡುತ್ತಾ ಆ ಬಡಿತಕ್ಕೆ ತಲೆದೂಗುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಯಜಮಾನರು ಬಾಗಿಲಲ್ಲಿ ತಲೆ ಹಾಕಿ ಎಷ್ಟಾಯಿತಮ್ಮ ಎನ್ನುತ್ತಿದ್ದರು. ನವಿಲು ಇನ್ನೂ ಕೂಗಿಲ್ಲ ಎನ್ನುತ್ತಿದ್ದೆ. ಅದು ಕೂಗುವವರೆಗೂ ಸಂಬಳ ನಾನು ಕೊಡಬೇಕಲ್ಲ ಎಂದು ಗೊಣಗಿಕೊಂಡು ಅವರು ಹೋಗುತ್ತಿದ್ದರು.

ನವಿಲು ಎಂದದ್ದು ಸುಮ್ಮನೆ ಅಲ್ಲ. ಏಳು ಸ್ವರಕ್ಕೆ ಏಳು ಪ್ರಾಣಿಪಕ್ಷಿಗಳ ದನಿ ಎಂದು ಹಿಂದಿನವರು ಹೇಳಿದ್ದಾರೆ. ಸ ನವಿಲಿನದು, ರಿ ಗೂಳಿಯದು, ಗ ಮೇಕೆಯದು, ಮ ಕೊಕ್ಕರೆಯದು, ಪ ಕೋಗಿಲೆಯದು, ದ ಕುದುರೆಯದು, ನಿಷಾದ ಎನ್ನುವ ನಿ ಆನೆಯದು. ಒಂದೊಂದಕ್ಕೂ ಒಂದು ಕತೆ ಬರೆಯುವುದೆಂದು ನಾನೇ ಯೋಚಿಸಿದ್ದೆ. ಮೊದಲ ಪ್ರತಿಯನ್ನು ಹಿಡಿದುಕೊಂಡು ಬೇರಿಕೆಯ ಸಂತೆಗೆ ಹೋದೆ. ಅಪ್ಪ ಅಮ್ಮ ಸಂತೆ ಮುಗಿಸುವವರೆಗೆ ಮಕ್ಕಳು ಗಾಡಿಗಳ ಮೇಲೆ ಕೂತು ಕಾಯುತ್ತಿರುತ್ತವೆ, ಅವಕ್ಕೆ ಓದಿ ಹೇಳೋಣ ಎಂದು. ಸಪ್ತಸ್ವರಗಳಲ್ಲಿ ಮೊದಲನೆಯದು ಷಡ್ಜ ಎಂದು ಶುರುಮಾಡಿದೆ ನೋಡಿ, ಅಷ್ಟರಲ್ಲಿ ಮಕ್ಕಳೆಲ್ಲ ಬಳೆಗಾರನ ಹತ್ತಿರ ಓಡಿಹೋಗಿದ್ದವು. ಉಳಿದದ್ದು ಒಂದೇ ಒಂದು ಮಗು. ಅದು ನಿದ್ದೆಹೋಗಿತ್ತು.

ಅಂದು ಮನೆಗೆ ಬಂದು ಸ್ವರ ಎಂಬ ಪದವನ್ನೇ ಪುಸ್ತಕದಿಂದ ತೆಗೆದುಹಾಕಿದೆ. ಈಗಲೂ ಹೊಸಬರಿಗೆ ಇದನ್ನೇ ಹೇಳುತ್ತೇನೆ. ಕಲಿಸುವ ವಸ್ತುವಿನ ಹೆಸರು ಕತೆಯಲ್ಲಿ ಬರಬಾರದು. ಬೇರಿಕೆಯಲ್ಲಿ ಇನ್ನೊಂದು ಪಾಠವೂ ಆಯಿತು. ಒಂದೇ ಗಾಡಿಯ ಮೇಲೆ ಕನ್ನಡದ ಮಗು, ತೆಲುಗಿನ ಮಗು, ತಮಿಳಿನ ಮಗು ಕೂತಿರುತ್ತಿದ್ದವು. ಆಡುವಾಗ ಮೂರೂ ಭಾಷೆ ಕಲಸಿ ಆಡುತ್ತಿದ್ದವು, ಕತೆ ಕೇಳುವಾಗ ಮಾತ್ರ ಒಂದೊಂದು ಒಂದೊಂದು ಮಾತಿಗೆ ತಡವರಿಸುತ್ತಿತ್ತು. ಹಾಗಾಗಿ ಊರು, ನೀರು, ಆಟ, ಇಂಥ ಮೂರು ಭಾಷೆಯವರಿಗೂ ತಿಳಿಯುವ ಮಾತುಗಳನ್ನೇ ಹುಡುಕಿ ಹುಡುಕಿ ಬರೆದೆ. ಪುಸ್ತಕ ತೆಳ್ಳಗಾಯಿತು. ಮಕ್ಕಳು ಬಳೆಗಾರನನ್ನು ಮರೆತವು.

ಬರೆದದ್ದನ್ನೆಲ್ಲ ತಿದ್ದುತ್ತಿದ್ದವರು ಒಬ್ಬ ಪಿಟೀಲು ಮೇಷ್ಟ್ರು. ಕೆರೆಯ ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದರು. ಕಣ್ಣು ಸರಿಯಾಗಿ ಕಾಣದ್ದರಿಂದ ನಾನು ಓದಬೇಕು, ಅವರು ಕಣ್ಣು ಮುಚ್ಚಿಕೊಂಡು ಕೇಳಬೇಕು. ತಪ್ಪಿದ್ದ ಕಡೆ ಕಮಾನಿನಿಂದ ನನ್ನ ಮಂಡಿಗೆ ಮೆಲ್ಲಗೆ ತಟ್ಟುತ್ತಿದ್ದರು. ನಾನು ಹೊಲದ ಬದುಗಳಲ್ಲಿ ಕೂತು ಕೂತು ನವಿಲಿನ ಕೂಗು ಕೇಳಿ, ಅದು ಸ ಅಲ್ಲವೇ ಅಲ್ಲ ಎಂದು ಬೇಸರದಿಂದ ಅವರ ಹತ್ತಿರ ಹೋಗಿದ್ದೆ. ನವಿಲು ಸ ಎಂದು ಕೂಗುವುದಿಲ್ಲ ಮಗು, ಅದನ್ನು ನೋಡಿದಾಗ ನಮ್ಮೊಳಗೆ ಒಂದು ಸ ಏಳುತ್ತದೆ, ಅಷ್ಟೇ ಎಂದರು. ಆ ಮಾತನ್ನು ಹಿಡಿದುಕೊಂಡು ನಾನು ತಿಂಗಳುಗಟ್ಟಲೆ ಕೆರೆಯ ಏರಿಯ ಮೇಲೆ ಓಡಾಡಿದ್ದೇನೆ.

ಹಳ್ಳಿ ಶಾಲೆಗಳಲ್ಲಿ ಹಾರ್ಮೋನಿಯಂ ಇರಲಿ, ಶ್ರುತಿಪೆಟ್ಟಿಗೆಯೂ ಇರಲಿಲ್ಲ. ಸುತ್ತಮುತ್ತ ಒಂದೇ ಸಮನೆ ಕೇಳುವ ಯಾವುದಾದರೂ ಸದ್ದನ್ನು ಸ ಎಂದು ಹಿಡಿದುಕೊಳ್ಳಿ ಎಂದು ಪುಸ್ತಕದ ಹೆಸರಿನ ಪುಟದ ಕೆಳಗೆ ಮೇಷ್ಟ್ರುಗಳಿಗೆ ಬರೆದಿದ್ದೆ. ಸೂಳಗಿರಿಯ ಮೇಷ್ಟ್ರೊಬ್ಬರು ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಶಾಲೆಯ ಪಕ್ಕದ ತೋಟದಲ್ಲಿ ಕಪಿಲೆ ಬಾವಿ ಇತ್ತು. ಎತ್ತುಗಳು ನೀರೆತ್ತುವಾಗ ರಾಟೆ ಕಿರ್ರೆನ್ನುತ್ತಿತ್ತು. ಆ ಕಿರ್ರನ್ನೇ ಸ ಮಾಡಿಕೊಂಡು ಮಕ್ಕಳು ಬಹಳ ಚೆನ್ನಾಗಿ ಹಾಡುತ್ತಿದ್ದವು. ನಾನು ನೋಡಲು ಹೋದ ದಿನ ಮಾತ್ರ ಇಡೀ ತರಗತಿ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿತ್ತು. ಊರಿಗೆ ಯಾರೋ ಪುಸ್ತಕ ಬರೆದವರು ಬರುತ್ತಾರೆಂದು ಗೌರವಕ್ಕಾಗಿ ತೋಟದವನು ಹಿಂದಿನ ದಿನ ರಾಟೆಗೆ ಹರಳೆಣ್ಣೆ ಬಿಟ್ಟಿದ್ದ. ಮೇಷ್ಟ್ರು ಕಂಗಾಲಾಗಿ ಬೆವರು ಒರೆಸಿಕೊಂಡರು. ನಾನು ದಾರಿಯುದ್ದಕ್ಕೂ ನಕ್ಕುಕೊಂಡು ಬಂದೆ. ಮುಂದಿನ ಮುದ್ರಣದಲ್ಲಿ ಆ ಸಾಲನ್ನು ತಿದ್ದಿದೆ.

ಇಷ್ಟೆಲ್ಲ ಹೇಳಿದ್ದು ಬರೀ ಪೀಠಿಕೆ. ನಾನು ನಿಜವಾಗಿ ಹೇಳಬೇಕಾದದ್ದು ಕಮಲಮ್ಮನ ಶಾಲೆಯ ವಿಷಯ.

ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಯುದ್ಧದಿಂದಾಗಿ ಕಾಗದಕ್ಕೆ ಸರ್ಕಾರದ ಕಂಟ್ರೋಲು ಬಂದಿತ್ತು, ಅಳೆದು ಕೊಡುತ್ತಿದ್ದರು. ಒಂದು ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟ. ಅದನ್ನು ಅಚ್ಚಿನವರು ಒಂದು ಫಾರಂ ಎನ್ನುತ್ತಾರೆ. ಸ್ವರಕ್ಕೆ ಎರಡೆರಡು ಪುಟ, ಮುಂದೆ ಹೆಸರಿನ ಪುಟ, ಹಿಂದೆ ಅಚ್ಚುಕೂಟದ ವಿಳಾಸ. ಫಾರಂ ಅಲ್ಲಿಗೆ ಭರ್ತಿಯಾಯಿತು. ನಾನು ಎಂಟನೆಯ ಕತೆಯೊಂದನ್ನು ಬರೆದಿದ್ದೆ, ಮೇಲಿನ ಸ ದು. ನಿ ಹಾಡಿದ ಮೇಲೆ ಮತ್ತೆ ಸ ಗೆ ಮುಟ್ಟಬೇಕಲ್ಲ, ಆರೋಹಣ, ಅಂದರೆ ಸ್ವರ ಮೇಲೇರುವುದು, ಮುಗಿಯುವುದೇ ಅಲ್ಲಿ. ಅದಕ್ಕೆ ಇನ್ನೊಂದು ಫಾರಂ ಬೇಕಿತ್ತು. ಯಜಮಾನರು ಒಪ್ಪಲಿಲ್ಲ. ಏಳು ಸ್ವರ ಅಂತ ಲೋಕಕ್ಕೆಲ್ಲ ಗೊತ್ತು, ಸ ಮೊದಲನೇ ಕತೆಯಲ್ಲೇ ಆಯಿತಲ್ಲ, ಅದನ್ನೇ ಇನ್ನೊಂದು ಸಲ ಅಚ್ಚು ಹಾಕಿದರೆ ಜನ ನಗುತ್ತಾರೆ ಎಂದರು. ಪಿಟೀಲು ಮೇಷ್ಟ್ರು ಕೋಲೂರಿಕೊಂಡು ಅಚ್ಚುಕೂಟಕ್ಕೇ ಬಂದು, ಮಕ್ಕಳನ್ನು ನಿಷಾದದಲ್ಲಿ ನಿಲ್ಲಿಸಬೇಡಿ, ಅದು ನಿಲ್ಲುವ ಜಾಗವಲ್ಲ ಎಂದು ಕೇಳಿಕೊಂಡರು. ಯಜಮಾನರು ಅವರಿಗೆ ಕಾಫಿ ತರಿಸಿಕೊಟ್ಟರು. ಕಾಗದ ತರಿಸಲಿಲ್ಲ.

ಆ ಪುಸ್ತಕದಲ್ಲಿ ನನ್ನದೇ ಒಂದು ಉಪಾಯವಿತ್ತು. ಸ್ವರವನ್ನು ಎಳೆದು ಹಿಡಿಯುವುದನ್ನು ಮಕ್ಕಳಿಗೆ ಕಲಿಸಬೇಕು. ಅದಕ್ಕಾಗಿ ಪ್ರತಿ ಕತೆಯ ಕೊನೆಯಲ್ಲೂ ಆ ಪ್ರಾಣಿ ಎಲ್ಲಾದರೂ ಒಂದು ಕಡೆ ನಿಂತುಬಿಡುತ್ತಿತ್ತು. ಮೇಕೆ ಬಂಡೆಯ ಮೇಲೆ, ಕೊಕ್ಕರೆ ಕೆರೆಯಲ್ಲಿ ಒಂಟಿಕಾಲಿನಲ್ಲಿ. ಕೆಳಗೆ, ನೀನೂ ಅಲ್ಲೇ ನಿಲ್ಲು, ಎಂದು ಒಂದು ಸಾಲು. ಮಕ್ಕಳು ಉಸಿರು ಇರುವಷ್ಟು ಹೊತ್ತು ಸ್ವರ ಹಿಡಿದು ನಿಲ್ಲುತ್ತಿದ್ದವು. ಕೊನೆಯ ಕತೆಯಲ್ಲಿ ಆನೆ ಕಾಡಿನಿಂದ ಇಳಿದು ಬಂದು ರಾಗಿ ಹೊಲದ ಅಂಚಿನಲ್ಲಿ ನಿಲ್ಲುತ್ತದೆ. ನೀನೂ ಅಲ್ಲೇ ನಿಲ್ಲು. ಪುಸ್ತಕ ಮುಗಿಯಿತು.

ಕಾರ್ತಿಕ ಕಳೆದು ರಾಗಿ ತೆನೆ ಬಲಿಯುತ್ತಿದ್ದ ಕಾಲ. ಒಂದು ಬೆಳಗ್ಗೆ ಬಿಳಿ ಸೀರೆಯುಟ್ಟ, ನನ್ನ ವಯಸ್ಸಿನ ಹೆಂಗಸೊಬ್ಬಳು ಅಚ್ಚುಕೂಟಕ್ಕೆ ಬಂದು ನನ್ನನ್ನು ಕೇಳಿದಳು. ಸಾನಮಾವು ಕಾಡಿನ ಅಂಚಿನ ಹುಣಸೆದೊಡ್ಡಿಯ ಶಾಲೆಯಲ್ಲಿ ಟೀಚರು, ಹೆಸರು ಕಮಲಮ್ಮ ಎಂದಳು. ಕೈಯಲ್ಲಿ ನನ್ನ ಪುಸ್ತಕ ಇತ್ತು, ಮಕ್ಕಳ ಕೈ ತಾಗಿ ತಾಗಿ ಅಂಚು ಮೆತ್ತಗಾಗಿತ್ತು.

"ನಿಮ್ಮ ಪುಸ್ತಕ ನೋಡಿ ಮಕ್ಕಳು ಬಂದವು ಅಮ್ಮ," ಎಂದಳು. "ಅದೇ ಪುಸ್ತಕದಿಂದ ಈಗ ಎಲ್ಲಾ ಹೊರಟುಹೋದವು."

ಆಕೆ ಹೇಳಿದ್ದು ಇಷ್ಟು. ಮಕ್ಕಳಿಗೆ ಹಾಡು ಹತ್ತಿಬಿಟ್ಟಿತ್ತು. ಸಂಜೆ ದನ ಹೊಡೆದುಕೊಂಡು ಬರುವಾಗಲೂ ಸರಿಗಮ ಹಾಡುತ್ತಿದ್ದವು, ನಿ ಗೆ ಬಂದಾಗ ಎಲ್ಲವೂ ಹೊಲದ ಬದುವಿನ ಮೇಲೆ ನಿಂತು ಉಸಿರು ಕಟ್ಟುವವರೆಗೆ ಎಳೆಯುತ್ತಿದ್ದವು. ಅದೇ ವಾರದಲ್ಲಿ ಆನೆಯೊಂದು ಇಳಿದು ಬಂದು ರಾಗಿ ಮೇಯ್ದಿತು. ಮೇಯ್ದು ಹೋಗಲಿಲ್ಲ. ಹಗಲೆಲ್ಲ ಊರ ಹತ್ತಿರದ ಬಿದಿರ ಮೆಳೆಯಲ್ಲಿ ನಿಂತಿರುತ್ತಿತ್ತು. ಹುಡುಗರೇ ಕೂಗಿ ಕರೆದದ್ದು ಎಂದು ಊರಿನವರು ಮಕ್ಕಳನ್ನು ಶಾಲೆ ಬಿಡಿಸಿದರು. ಜಿಲ್ಲಾ ಕಚೇರಿ ಇದ್ದ ಸೇಲಂನಿಂದ ಶಾಲೆಗಳ ಇನ್‌ಸ್ಪೆಕ್ಟರು ಬರುವ ದಿನ ಹತ್ತಿರವಿತ್ತು. ಬಂದಾಗ ಮಕ್ಕಳಿಲ್ಲದಿದ್ದರೆ ಶಾಲೆ ಮುಚ್ಚುತ್ತೇವೆಂದು ಅವರು ಹಿಂದಿನ ಸಲವೇ ಎಚ್ಚರಿಸಿ ಹೋಗಿದ್ದರು.

ಮುಚ್ಚಿದರೆ ನೀವೇನು ಮಾಡುತ್ತೀರಿ ಎಂದು ಕೇಳಿದೆ. ಕೃಷ್ಣಗಿರಿಯಲ್ಲಿ ಗಂಡನ ಅಣ್ಣನ ಮನೆ ಇದೆ ಎಂದಳು. ಗಂಡ ಸತ್ತ ಮೇಲೆ ಕೆಲವು ವರ್ಷ ಅಲ್ಲೇ ಇದ್ದಳಂತೆ, ಬೆಳಗಿನ ಜಾವ ಅಡಿಗೆಮನೆಗೆ ಹೋದರೆ ರಾತ್ರಿಯೇ ಹೊರಗೆ ಬರುವುದು. ಟೀಚರ್ ತರಬೇತಿಗೆ ಹೋಗಲು ಅವರಿಂದ ಒಪ್ಪಿಗೆ ಪಡೆಯುವುದೇ ದೊಡ್ಡ ಯುದ್ಧವಾಗಿತ್ತು. ಇನ್ನೊಂದು ಸಲ ಆ ಹೊಸ್ತಿಲು ದಾಟಿ ಒಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ ಎಂದು ನೆಲ ನೋಡುತ್ತಾ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಆನೆಗೂ ನಮ್ಮ ಪುಸ್ತಕ ಹಿಡಿಸಿತೋ ಎಂದು ಯಜಮಾನರು ನಗಲು ನೋಡಿದರು. ನಾನು ಅವರ ಮುಖ ನೋಡಿದೆ. ಅವರು ನಗು ಬಿಟ್ಟು ಗಾಡಿಗೆ ಏರ್ಪಾಟು ಮಾಡಿಕೊಟ್ಟರು.

ಹುಣಸೆದೊಡ್ಡಿಗೆ ಹೋಗುವ ಗಾಡಿದಾರಿ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಎರಡೂ ಕಡೆ ಹೊಲಗಳಲ್ಲಿ ಬಾಗಿದ ತೆನೆ, ನಡುನಡುವೆ ದೊಡ್ಡ ದೊಡ್ಡ ಬಂಡೆ, ಅವುಗಳ ಹಿಂದೆ ನೀಲಿಯಾಗಿ ಕಾಡು. ಗಾಳಿ ಬೀಸಿದರೆ ರಾಗಿ ಹೊಲ ಸಣ್ಣಗೆ ಗುನುಗಿದಂತೆ ಕೇಳುತ್ತಿತ್ತು. ನಾನು ಅದಕ್ಕೆ ಶ್ರುತಿ ಸೇರಿಸಿ ಒಳಗೊಳಗೇ ಹಾಡಿಕೊಳ್ಳುತ್ತಾ, ಏನು ಹೇಳಬೇಕೆಂದು ಯೋಚಿಸುವುದನ್ನೇ ಮರೆತು ಊರು ಸೇರಿಬಿಟ್ಟೆ.

ಊರಿನಲ್ಲಿ ಮಾತು ನಡೆಯುತ್ತಿದ್ದದ್ದು ಗೌಡನ ತಾಯಿ ಮುನಿಯಮ್ಮಜ್ಜಿಯದು. ಆಕೆಯ ಹೊಲವೇ ಮೊದಲು ಹಾಳಾದದ್ದು. ಜಗಲಿಯ ಮೇಲೆ ಕೂತು, ಆನೆ ತುಳಿದು ಬಿಟ್ಟಿದ್ದ ತೆನೆಗಳಿಂದ ಉಳಿದ ಕಾಳನ್ನು ಮೊರದಲ್ಲಿ ಕೇರುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು ಚಿಕ್ಕತಾಯಿ. ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು ಅವಳೇ ಎಂದು ಕಮಲಮ್ಮ ಮೊದಲೇ ಹೇಳಿದ್ದಳು. ಹುಡುಗಿ ನಮ್ಮನ್ನು ನೋಡಿ ನಕ್ಕು, ಅಜ್ಜಿಯನ್ನು ನೋಡಿ ನಗು ನುಂಗಿಕೊಂಡಳು.

ನಾನು ಪಟ್ಟಣದವಳ ಬುದ್ಧಿ ತೋರಿಸಿದೆ. ಆನೆ ಬರುವುದು ರಾಗಿಯ ವಾಸನೆಗೆ, ಮಕ್ಕಳ ಹಾಡಿಗಲ್ಲ ಎಂದು ಶುರುಮಾಡಿದೆ. ಕಮಲಮ್ಮ ನನ್ನ ಸೆರಗು ಎಳೆದಳು. ಸಂಜೆಯಾಗಿತ್ತು. ಆ ಕಡೆ ಹೊತ್ತು ಇಳಿದ ಮೇಲೆ ಆನೆಯ ಹೆಸರು ಎತ್ತುವುದಿಲ್ಲ, ಸಾಮಿ ಎನ್ನುತ್ತಾರೆ, ಇಲ್ಲವೇ ದೊಡ್ಡೋನು ಎನ್ನುತ್ತಾರೆ. ಅಜ್ಜಿ ಕೇರುವುದನ್ನು ನಿಲ್ಲಿಸದೆ ಮಾತಾಡಿದಳು.

"ರಾಗಿಗೇ ಬತ್ತಾನೆ, ನಂಗೊತ್ತಿಲ್ವಾ? ವರ್ಸ ವರ್ಸಾನೂ ಬತ್ತಾನೆ, ತಿಂತಾನೆ, ಹೋಗ್ತಾನೆ. ಹೊಲ ಕಾಯೋಕೆ ಅಟ್ಟಣೆ ಮ್ಯಾಲಿರೋರು ಸಾಮೀ, ತಿಂದಾಯ್ತು, ಹೊರಡಪ್ಪಾ ಅಂತ ಕೈ ಮುಗ್ದು ಹೇಳ್ತಾರೆ. ಹೇಳಿದ್ರೆ ಹೋಗ್ತಾನೆ. ಈ ವರ್ಸ ನಿಂತ್ಬುಟ್ಟವ್ನೆ. ಹುಡುಗ್ರು ಕರೀತಾವೆ, ನಿಂತ್ಕೋ ಅಂತಾವೆ. ಬಂದೋನ್ನ ಕಳ್ಸೋ ಮಾತೇ ಇಲ್ವಲ್ಲಮ್ಮ ನಿನ್ ಪುಸ್ತಕ್ದಾಗೆ."

ಕೋಲೂರಿಕೊಂಡು ಬಂದಿದ್ದ ಪಿಟೀಲು ಮೇಷ್ಟ್ರು ಕಣ್ಣ ಮುಂದೆ ಬಂದರು. ಅವರು ಕೇಳಿದ್ದೂ ಇದನ್ನೇ ಅಲ್ಲವೇ? ಇವಳಿಗೆ ಆನೆಯ ಚಿಂತೆ, ಅವರಿಗೆ ರಾಗದ ಚಿಂತೆ. ನನಗೆ ನಗು ಬಂತು, ಅಳುವೂ ಬಂತು. ಹಾಳು ಕಾಗದದ ಕಂಟ್ರೋಲಿನಿಂದ ಒಂದು ಆನೆ ಹುಣಸೆದೊಡ್ಡಿಯಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಒಂದು ಗಳಿಗೆ ನಾನೂ ನಂಬಿದೆ. ಈಗ ಬಿಸಿಲಲ್ಲಿ ಕೂತು ಬರೆಯುವಾಗ ನಂಬುವುದಿಲ್ಲ ಎಂದು ಹೇಳಬಲ್ಲೆ, ಆದರೆ ಆ ಜಗಲಿಯ ಮೇಲೆ ಹೇಳಲಾರೆ.

ಅಜ್ಜಿ, ಕಳಿಸುವ ಮಾತು ಇದೆ, ಅಚ್ಚಾಗಲಿಲ್ಲ ಅಷ್ಟೇ ಎಂದೆ. ಇದ್ದರೆ ಹೇಳು ಎಂದಳು. ನಾನು ಕಣ್ಣು ಮುಚ್ಚಿಕೊಂಡು ಕೆಳಗಿನ ಸ ದಿಂದ ಮೆಲ್ಲಗೆ ಹತ್ತಿದೆ. ನಿ ಯಲ್ಲಿ ಬೇಕೆಂದೇ ನಿಂತೆ. ಮೊರದ ಸದ್ದು ನಿಂತಿತು. ಕಣ್ಣು ತೆರೆದು ನೋಡಿದರೆ ಅಜ್ಜಿಯ ಕೈ ಮೊರವನ್ನು ಹಿಡಿದು ಗಾಳಿಯಲ್ಲೇ ಇತ್ತು. ಚಿಕ್ಕತಾಯಿ ಬಾಯಿಗೆ ಅಂಗೈ ಒತ್ತಿಕೊಂಡಿದ್ದಳು. ಆಮೇಲೆ ಮೇಲಿನ ಸ ಗೆ ಹೋಗಿ ಅಲ್ಲಿ ಉಸಿರು ಬಿಟ್ಟೆ. ಮೊರ ಮತ್ತೆ ಅಲುಗಿತು.

"ಹೂಂ," ಎಂದಳು ಅಜ್ಜಿ. "ಹೋದ."

ಅಜ್ಜಿಯ ಅಪ್ಪಣೆ ಆಯಿತು. ಹಾಡಿ ಕಳಿಸಲಿ, ಆಮೇಲೆ ಶಾಲೆಯ ಮಾತು ನೋಡೋಣ ಎಂದಳು. ಮಕ್ಕಳನ್ನು ಅವಳ ಜಗಲಿಗೇ ಕರೆಸಿದಳು. ಅಚ್ಚಾಗದ ನನ್ನ ಎಂಟನೆಯ ಕತೆ ನನಗೆ ಬಾಯಿಪಾಠ ಇತ್ತು, ಆದರೆ ಅದು ಅಲ್ಲಿಗೆ ಹೊಂದುತ್ತಿರಲಿಲ್ಲ. ಅದರಲ್ಲಿ ಮಕ್ಕಳೆಲ್ಲ ಕೈಹಿಡಿದು ಕುಣಿಯುತ್ತಿದ್ದರು, ಅಷ್ಟೇ. ಹಾಗಾಗಿ ಹೊಸದನ್ನೇ ಶುರುಮಾಡಿದೆ. ಹೊಲದ ಅಂಚಿನಲ್ಲಿ ದೊಡ್ಡೋನು ನಿಂತಿದ್ದಾನೆ, ಈಗ ಮನೆಗೆ ಹೋಗಬೇಕು ಎಂದೆ. ಚಿಕ್ಕತಾಯಿ ತಕ್ಷಣ, "ಯಾಕ್ ಹೋಗ್ತಾನೆ? ರಾಗಿ ಇಲ್ಲೇ ಐತಲ್ಲ," ಎಂದಳು. ಇಷ್ಟು ವರ್ಷ ಕತೆ ಬರೆದು ನನಗೆ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಅದು.

ಮಕ್ಕಳು ಮೂರು ಭಾಷೆಯಲ್ಲೂ ಜಗಳ ಆಡಿದವು. ಅವನಿಗೆ ನಿದ್ದೆ ಬಂದಿದೆ ಎಂದಿತು ಒಂದು. ಅಲ್ಲಿ ಅವನ ಅಮ್ಮ ಇದ್ದಾಳೆ ಎಂದಿತು ಇನ್ನೊಂದು. ಹಿಂದೆ ಕೂತಿದ್ದ ಒಂದು ಮಗು, ಯಾರೋ ಕರೆದರೆ ಹೋಗುತ್ತಾನೆ ಎಂದಿತು. ಯಾರು ಕರೆಯಬೇಕು? ಅಲ್ಲಿಂದ ಕತೆ ತಾನಾಗಿ ನಡೆಯಿತು. ಮೊದಲನೆಯ ಕತೆಯಲ್ಲಿ ನೆಲದ ಮೇಲೆ ನಿಂತಿದ್ದ ನವಿಲು, ಸಾನಮಾವಿನ ಎಲ್ಲಕ್ಕಿಂತ ಎತ್ತರದ ಮರದ ತುದಿಗೆ ಹಾರಿ ಕೂತಿದೆ. ದನಿ ಅದೇ, ಕೇಳುವುದು ಮಾತ್ರ ಮೇಲಿನಿಂದ. ಅಲ್ಲಿಂದ ಊರೂ ಕಾಣುತ್ತದೆ, ಕಾಡೂ ಕಾಣುತ್ತದೆ. ಹೊತ್ತಾಯಿತು, ಬಾ ಎಂದು ಅದು ಕರೆಯುತ್ತದೆ. ದೊಡ್ಡೋನು ಕಿವಿ ನಿಮಿರಿಸಿ, ತೆನೆಯ ಕಡೆ ಒಂದು ಸಲ ನೋಡಿ, ತಿರುಗಿ ನಡೆಯುತ್ತಾನೆ. ಮೇಲಿನ ಸ ಎಂದರೇನು ಎಂದು ನಾನು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಓದಿದ್ದೆ. ಹುಣಸೆದೊಡ್ಡಿಯ ಜಗಲಿಯಲ್ಲಿ ಕತ್ತಲು ಕವಿಯುತ್ತಿದ್ದಾಗ ಅದು ನನಗೆ ಕಣ್ಣಿಗೆ ಕಂಡಿತು.

ಮಕ್ಕಳು ಕಾಡಿನ ಕಡೆ ಮುಖ ಮಾಡಿ ನಿಂತು ಹಾಡಿದವು. ನಿ ಗೆ ಬಂದಾಗ ಯಾರೂ ನಿಲ್ಲಲಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಬರೆದ ಪುಸ್ತಕಗಳ ಹಾಗೆ ಆಗುತ್ತಿತ್ತು. ಶಾಲೆಗೇ ಸೇರಿದ ಕಮಲಮ್ಮನ ಕೋಣೆಯಲ್ಲಿ ಬೆಳಗ್ಗೆ ನಾನು ಏಳುವ ಹೊತ್ತಿಗೆ ಊರಿನಲ್ಲಿ ಗಲಾಟೆ. ರಾತ್ರಿ ಆನೆ ಮತ್ತೆ ಬಂದಿತ್ತಂತೆ, ಅಜ್ಜಿಯ ಮನೆಯ ಕೆಳಗಿನ ಹೊಲವನ್ನೂ ಮೇಯ್ದಿತ್ತಂತೆ. ಕಮಲಮ್ಮ ಒಳಗೆ ಹೋಗಿ ಟ್ರಂಕು ಎಳೆದು, ಸೀರೆಗಳನ್ನು ಮಡಿಸಿ ಇಡತೊಡಗಿದಳು. ನಾನು ಗೋಡೆಗೆ ಒರಗಿ ನಿಂತು, ಆಕೆ ಒಂದೇ ಸೀರೆಯನ್ನು ಬಿಚ್ಚಿ ಬಿಚ್ಚಿ ಮಡಿಸುವುದನ್ನು ನೋಡುತ್ತಿದ್ದೆ.

ಬಾಗಿಲಲ್ಲಿ ನೆರಳಾಯಿತು. ಮುನಿಯಮ್ಮಜ್ಜಿ ಚಿಕ್ಕತಾಯಿಯ ಕೈ ಹಿಡಿದುಕೊಂಡು ನಿಂತಿದ್ದಳು. ಹಿಂದೆ ಬೀದಿಯಲ್ಲಿ ಉಳಿದ ಮಕ್ಕಳು, ಕೆಲವು ಸ್ಲೇಟು ಹಿಡಿದು, ಕೆಲವು ಬರಿಗೈಯಲ್ಲಿ. ಅಜ್ಜಿ, ಹಾಳಾದ ಹೊಲ ನಿನ್ನದಲ್ಲವೇ, ಮತ್ತೆ ಇವಳನ್ನು ಯಾಕೆ ಕರೆತಂದೆ ಎಂದು ನಾನೇ ಕೇಳಿದೆ.

"ಬಂದಿದ್ದ. ಹೊಲ ಇರೋಗಂಟ ಬತ್ತಾನೆ, ಅವ್ನ ಪಾಲು ಅವ್ನು ತಿಂತಾನೆ," ಎಂದಳು. "ಬೆಳಕರಿಯೋಕ್ ಮುಂಚೆ ಹೊಂಟೋದ ಕಣಮ್ಮ. ಮೆಳೆ ಖಾಲಿ ಐತೆ, ಹೋಗಿ ನೋಡ್ಕಂಡ್ ಬಂದೆ."

ಅಜ್ಜಿಯ ದೂರು ಇದ್ದದ್ದು ಆನೆ ಬಂದದ್ದಕ್ಕಲ್ಲ, ಹೋಗದೆ ನಿಂತದ್ದಕ್ಕೆ. ನನಗೆ ಅದು ಹಿಂದಿನ ದಿನವೇ ತಿಳಿಯಬೇಕಿತ್ತು. ಟ್ರಂಕಿನ ಮುಚ್ಚಳ ಹಾಕಿ ಕಮಲಮ್ಮ ಮಕ್ಕಳನ್ನು ಒಳಗೆ ಕರೆದಳು. ನಾನು ಅಂದೇ ಹೊರಡುವವಳಿದ್ದೆ. ಇನ್‌ಸ್ಪೆಕ್ಟರು ಬಂದು ಹೋಗುವವರೆಗೆ ಇರಿ ಎಂದು ಆಕೆ ಕೇಳಿದ್ದರಿಂದ ಉಳಿದೆ.

ಅವರು ಬಂದದ್ದು ಕೆಲವು ದಿನ ಕಳೆದು, ಬೆಳಗಿನ ಹೊತ್ತು. ತಮಿಳಿನವರು, ಎತ್ತರದ ಆಳು, ತಲೆಗೆ ಜರಿ ಪೇಟ. ಮಕ್ಕಳನ್ನು ಎಣಿಸಿದರು, ಗೋಡೆಯ ಬಿರುಕು ನೋಡಿದರು. ಇಷ್ಟು ಮಕ್ಕಳಿಗೆ ಒಂದು ಶಾಲೆ ಬೇಕೇ, ಪಕ್ಕದ ಊರಿಗೇ ಕಳಿಸಬಹುದಲ್ಲ ಎಂದು ತಮಿಳಿನಲ್ಲಿ ತಮ್ಮಷ್ಟಕ್ಕೇ ಹೇಳಿಕೊಂಡರು. ಕಮಲಮ್ಮನ ಮುಖ ಬಿಳಿಚಿಕೊಂಡಿತು. ಹೊರಡುವ ಮುಂಚೆ ಮೇಜಿನ ಮೇಲೆ ನನ್ನ ಪುಸ್ತಕ ಕಂಡು ಕೈಗೆ ತೆಗೆದುಕೊಂಡರು. ಹಾಡಲಿ ಎಂದರು. ಅವರಿಗೆ ಸಂಗೀತ ಗೊತ್ತಿತ್ತು. ಮಕ್ಕಳು ಹತ್ತುವಾಗ ಬೆರಳು ತಾಳ ಹಾಕುತ್ತಿತ್ತು. ಆಮೇಲೆ ಅರೆಗನ್ನಡದಲ್ಲಿ, ಈಗ ನಿ ವರೆಗೆ ಹೋಗಿ ಅಲ್ಲೇ ನಿಲ್ಲಬೇಕು, ಯಾರು ಸರಿಯಾಗಿ ನಿಲ್ಲುತ್ತಾರೆ ನೋಡೋಣ ಎಂದರು.

ಯಾವ ಮಗುವೂ ಬಾಯಿ ತೆರೆಯಲಿಲ್ಲ. ಅವರು ಇನ್ನೊಂದು ಸಲ ಹೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಕಲಿಸಿದ್ದೇ ಇಷ್ಟೇನು ಎಂಬಂತೆ ಅವರು ಕಮಲಮ್ಮನ ಕಡೆ ತಿರುಗಿದರು. ಆಕೆ ಕಣ್ಣು ಮುಚ್ಚಿಕೊಂಡಿದ್ದಳು.

ಚಿಕ್ಕತಾಯಿ ಎದ್ದು ನಿಂತಳು. "ಅಲ್ಲಿ ನಿಲ್ಲಂಗಿಲ್ಲ ಸಾಮಿ," ಎಂದಳು. "ಬೇಕಂದ್ರೆ ನೀವ್ ನಿಂತ್ಕಳಿ. ಆಮ್ಯಾಕೆ ನೀವೇ ಕಳಿಸ್ಬೇಕು."

ಏನು ಹೇಳುತ್ತಿದ್ದಾಳೆ ಎಂದು ಅವರು ನನ್ನನ್ನು ಕೇಳಿದರು. ನನಗೆ ಬಂದ ತಮಿಳಿನಲ್ಲಿ ಆನೆಯನ್ನೂ ಬಿದಿರ ಮೆಳೆಯನ್ನೂ ಅಜ್ಜಿಯನ್ನೂ ಹೇಳಿದೆ. ಅವರು ನಗಬಹುದೆಂದು ಕಾದೆ. ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕಾಡಿನ ಕಡೆ ನೋಡಿದರು. ಆಮೇಲೆ ಪೇಟ ತೆಗೆದು ಮೇಜಿನ ಮೇಲಿಟ್ಟು, ಸ್ವಲ್ಪ ಒಡೆದ ಗಂಟಲಿನಲ್ಲಿ ತಾವೇ ಹಾಡಿದರು. ನಿ ಯಲ್ಲಿ ಬಹಳ ಹೊತ್ತು ನಿಂತರು. ಸಣ್ಣ ಮಕ್ಕಳು ಚಿಕ್ಕತಾಯಿಯ ಲಂಗ ಹಿಡಿದುಕೊಂಡವು. ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದದ್ದನ್ನು ನಾನು ಯಾವ ಸಂಗೀತ ಕಚೇರಿಯಲ್ಲೂ ಕಂಡಿಲ್ಲ. ಕೊನೆಗೆ ಅವರು ಮೆಲ್ಲಗೆ ಮೇಲಿನ ಸ ಗೆ ಹೋದರು.

ಮಕ್ಕಳು ಉಸಿರು ಬಿಟ್ಟು ನಕ್ಕವು. ಅವರು ಪೇಟ ಇಟ್ಟುಕೊಂಡು, ಕಣ್ಣೊರೆಸಿಕೊಂಡು, ಶಾಲೆ ನಡೆಯಲಿ, ಮುಂದಿನ ವರ್ಷ ಬಂದಾಗ ಅವರೋಹಣ ಕೇಳುತ್ತೇನೆ ಎಂದು ಕಮಲಮ್ಮನಿಗೆ ಹೇಳಿ ಗಾಡಿ ಹತ್ತಿದರು.

ಗಾಡಿ ಬಂಡೆಯ ಆಚೆ ಮರೆಯಾಗುವವರೆಗೂ ಆಕೆ ಬಾಗಿಲಲ್ಲೇ ನಿಂತಿದ್ದಳು. ಊಟದ ಹೊತ್ತಿಗೆ ಇನ್ನೂ ಸಮಯವಿತ್ತು. ಒಳಗೆ ಬಂದು, ಸೆರಗು ಸಿಕ್ಕಿಸಿಕೊಂಡು, ಎರಡರ ಮಗ್ಗಿ ಹೇಳಿಕೊಡಲು ಶುರುಮಾಡಿದಳು. ಆಕೆಯ ದನಿ ಗಡಗಡ ನಡುಗುತ್ತಿತ್ತು. ಇದೂ ಹೊಸದೊಂದು ಪಾಠವಿರಬೇಕು ಎಂದುಕೊಂಡು ಮಕ್ಕಳು ಒಂದೂ ಬಿಡದೆ, ಟೀಚರಮ್ಮ ನಡುಗಿಸಿದ ಕಡೆಯಲ್ಲೆಲ್ಲ ಅಷ್ಟೇ ಚೆನ್ನಾಗಿ ದನಿ ನಡುಗಿಸಿ ಮಗ್ಗಿ ಹೇಳಿದವು.